ನೀರುಕರಡಿ ಹೊರಟ ರಾತ್ರಿ

ಗೋಡೆಗೆ ಅಂಗೈ ಇಟ್ಟು ನೋಡಿ, ಇನ್ನೂ ಸುಡುತ್ತಿದೆ. ಸಂಜೆ ಏಳೂವರೆಯಾದರೂ ಕಾವು ಇಳಿದಿಲ್ಲ. 2025ರ ಜೂನ್ 24, ಮಂಗಳವಾರ. ಇವತ್ತು ನ್ಯೂಜೆರ್ಸಿಯ ನ್ಯೂಅರ್ಕ್‌ನಲ್ಲಿ 103 ಡಿಗ್ರಿ ಫ್ಯಾರನ್‌ಹೀಟ್. ಇತ್ತ ಹಿಲ್ಸ್‌ಬರೋದಲ್ಲೂ ಹುಲ್ಲುಹಾಸು ಬಾಡಿದೆ, ದಿನಾ ಈ ಹೊತ್ತಿಗೆ ನಾಯಿ ಹಿಡಿದುಕೊಂಡು ಬೀದಿ ಸುತ್ತುವವರು ಒಬ್ಬರೂ ಹೊರಗೆ ಬಂದಿಲ್ಲ. ದೂರಕ್ಕೆ ಸೌರ್‌ಲ್ಯಾಂಡ್ ಬೆಟ್ಟದ ಸಾಲು ಸೆಕೆಯಲ್ಲಿ ಮಸುಕಾಗಿದೆ. ಆ ಕಾಡಿನ ಬಂಡೆಗಳ ಮೇಲೆ ನಮಗೆ ಬೇಕಾದದ್ದು ಹೇರಳವಾಗಿದೆ, ಆದರೆ ಅದು ರಕ್ಷಿತ ಜಾಗ, ಅಲ್ಲಿಂದ ಕಿತ್ತು ತರುವ ಹಾಗಿಲ್ಲ. ಅದಕ್ಕೇ ಮನೆಯ ಹಿಂದಿನ ಈ ಕಲ್ಲುಗೋಡೆ.

ಗೋಡೆಯ ನೆರಳಿನ ಕಡೆ, ಎರಡು ಕಲ್ಲುಗಳ ಸಂದಿಯಲ್ಲಿ ಪಾಚಿ ಹಬ್ಬಿದೆ. ಏಪ್ರಿಲ್ ಮಳೆಯಲ್ಲಿ ದಟ್ಟ ಹಸಿರಾಗಿದ್ದದ್ದು ಈಗ ಕಂದಿಹೋಗಿ, ಬೆರಳಲ್ಲಿ ಉಜ್ಜಿದರೆ ಉದುರುತ್ತದೆ. ಪಕ್ಕದ ಮನೆಯ ಹುಡುಗಿ ಬೆಣ್ಣೆ ಸವರುವ ಚಾಕುವಿನಿಂದ ಒಂದು ಕ್ವಾರ್ಟರ್ ನಾಣ್ಯದಗಲ ಪಾಚಿ ಎಬ್ಬಿಸಿ ಕಾಗದದ ಲಕೋಟೆಗೆ ಹಾಕುತ್ತಾಳೆ. ನಾಲ್ಕನೇ ಕ್ಲಾಸು ಮುಗಿಸಿ ಬೇಸಿಗೆ ರಜೆಯಲ್ಲಿರುವವಳು. ಅವಳ ಅಜ್ಜ ಧಾರವಾಡದಿಂದ ಬಂದಿದ್ದಾರೆ, ಮಗಳ ಮನೆಯಲ್ಲಿ ಆರು ತಿಂಗಳು ಇರಲಿಕ್ಕೆ.

“ಸತ್ತು ಹೋಗೇದಲ್ಲ ತಂಗೀ ಇದು,” ಅನ್ನುತ್ತಾರೆ ಅವರು, ಲಕೋಟೆಯೊಳಗೆ ಇಣುಕಿ.

“ಇಲ್ಲ ಕಾಕಾ, ಒಣಗಿದೆ ಅಷ್ಟೆ. ಇದರೊಳಗಿರೋರೂ ಒಣಗಿದ್ದಾರೆ. ನೀರು ಕೊಟ್ಟು ನೋಡೋಣ.”

ಅಡುಗೆಮನೆಗೆ ಬನ್ನಿ. ಅಗಲವಾದ ಗಾಜಿನ ಬಟ್ಟಲು, ಅದರಲ್ಲಿ ಪಾಚಿಯನ್ನು ಬೋರಲು ಹಾಕಿ, ಅದು ಮುಳುಗುವಷ್ಟು ಬಾಟಲಿ ನೀರು. ನಲ್ಲಿ ನೀರು ಬೇಡ, ಕ್ಲೋರಿನ್ ಇರುತ್ತದೆ. ಮೂರು ನಾಲ್ಕು ನಿಮಿಷದಲ್ಲೇ ಎಲೆಗಳು ಬಿಚ್ಚಿಕೊಂಡು ಹಸಿರು ಮರಳುತ್ತದೆ, ಹುಡುಗಿ ಬಾಯಿ ತೆರೆದುಕೊಂಡು ನೋಡುತ್ತಾಳೆ. ಆದರೆ ನಾವು ಕಾಯುತ್ತಿರುವವರು ಇಷ್ಟು ಬೇಗ ಏಳುವುದಿಲ್ಲ. ಗಂಟೆಗಳೇ ಬೇಕು. ರಾತ್ರಿಯಿಡೀ ಹೇಗೂ ಎದ್ದಿರುತ್ತೇವೆ: ಬೆಳಗಿನ ಜಾವ 2 ಗಂಟೆ 31 ನಿಮಿಷಕ್ಕೆ ಫ್ಲಾರಿಡಾದ ಕೆನೆಡಿ ಕೇಂದ್ರದ 39ಎ ಕಟ್ಟೆಯಿಂದ ಫಾಲ್ಕನ್ 9 ರಾಕೆಟ್ ಏಳಬೇಕು. ಅದರ ಮೂತಿಯಲ್ಲಿ ನಾಲ್ಕು ಜನ. ಅವರಲ್ಲೊಬ್ಬರು ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ, ಲಕ್ನೋದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಟೆಕ್ ಓದಿದವರು. 1984ರಲ್ಲಿ ರಾಕೇಶ್ ಶರ್ಮಾ ಹೋಗಿ ಬಂದ ಮೇಲೆ ಅಂತರಿಕ್ಷಕ್ಕೆ ಹೊರಟ ಎರಡನೇ ಭಾರತೀಯ. ಅದೇ ವಿಜ್ಞಾನ ಸಂಸ್ಥೆಯಿಂದ ಅವರ ಜೊತೆ ಇನ್ನೂ ಕೆಲವರು ಹೊರಟಿದ್ದಾರೆ. ಅವರನ್ನು ಟಿ.ವಿ.ಯಲ್ಲಿ ಯಾರೂ ತೋರಿಸುವುದಿಲ್ಲ, ಒಬ್ಬೊಬ್ಬರ ಉದ್ದ ಒಂದು ಮಿಲಿಮೀಟರಿಗಿಂತ ಕಡಿಮೆ.

ಊಟ ಮುಗಿಸುವಷ್ಟರಲ್ಲಿ ಒಂಬತ್ತೂವರೆ. ಅನ್ನ, ಸಾರು, ಕಾಕಾ ತಂದ ಶೇಂಗಾ ಚಟ್ನಿಪುಡಿ. ಹಿತ್ತಿಲ ಕಡೆ ಮಿಂಚುಹುಳ ಹಾರುತ್ತಿವೆ. ಏಸಿ ಹಾಕಿಕೊಂಡು ಕೂತರೆ ಮಾತು ತಾನಾಗಿಯೇ ಇರುವೆಗಳ ಕಡೆ ಹೊರಳುತ್ತದೆ. ಹೊರಳಲೇಬೇಕು, ಯಾಕೆಂದರೆ ಇವತ್ತಿಗೆ ಸರಿಯಾಗಿ 42 ವರ್ಷದ ಹಿಂದೆ, 1983ರ ಜೂನ್ 24ರಂದು, ನ್ಯೂಜೆರ್ಸಿಯ ಇರುವೆಗಳು ಅಂತರಿಕ್ಷದಿಂದ ಮರಳಿ ನೆಲ ಮುಟ್ಟಿದ್ದವು.

ಇಲ್ಲಿಂದ ನೈರುತ್ಯಕ್ಕೆ ಕಾರಿನಲ್ಲಿ ಒಂದು ಗಂಟೆಗೂ ಮಿಕ್ಕಿದ ದಾರಿ, ಫಿಲಡೆಲ್ಫಿಯಾದ ಎದುರು ದಡದಲ್ಲಿ ಕ್ಯಾಮ್ಡೆನ್. ಬಡವರ ಊರು. ಅಲ್ಲಿನ ಎರಡು ಹೈಸ್ಕೂಲುಗಳ ಮಕ್ಕಳು, ಕ್ಯಾಮ್ಡೆನ್ ಹೈಸ್ಕೂಲು ಮತ್ತು ವುಡ್ರೋ ವಿಲ್ಸನ್ ಹೈಸ್ಕೂಲಿನವರು, ಆರ್‌ಸಿಎ ಕಂಪನಿಯ ನೆರವಿನಿಂದ ವರ್ಷಗಟ್ಟಲೆ ಕೂತು ಒಂದು ಪೆಟ್ಟಿಗೆ ಸಿದ್ಧಪಡಿಸಿದರು. ಒಳಗೆ ಮರ ಕೊರೆದು ಗೂಡು ಮಾಡುವ ದೊಡ್ಡ ಇರುವೆಗಳ ಒಂದು ಸಂಸಾರ, ರಾಣಿಯ ಸಮೇತ. ತೂಕವೇ ಇಲ್ಲದ ಕಡೆ ಇರುವೆಗಳ ಕೂಡುಬಾಳ್ವೆ ಹೇಗೆ ನಡೆದೀತು, ಸಾಲು ಹಿಡಿಯುತ್ತವೆಯೋ ಇಲ್ಲವೋ, ಯಾರು ಯಾವ ಕೆಲಸ ಮಾಡುತ್ತಾರೆ, ಇದು ಅವರ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಜೂನ್ 18ರಂದು ಚಾಲೆಂಜರ್ ನೌಕೆ ಹಾರಿತು, ಅಮೆರಿಕದ ಮೊದಲ ಮಹಿಳಾ ಗಗನಯಾತ್ರಿ ಸ್ಯಾಲಿ ರೈಡ್ ಇದ್ದ ನೌಕೆ. ಪೆಟ್ಟಿಗೆ ಸರಕಿನ ಅಂಕಣದಲ್ಲಿತ್ತು. ಆರು ದಿನ ಸುತ್ತಿ ಇಳಿಯಿತು. ಮುಚ್ಚಳ ತೆಗೆದರು.

“ಆಮೇಲೆ?” ಅನ್ನುತ್ತಾಳೆ ಹುಡುಗಿ.

“ಎಲ್ಲ ಸತ್ತಿದ್ದವು.”

“ಗ್ರ್ಯಾವಿಟಿ ಇಲ್ಲದ್ದಕ್ಕಾ?”

ಎಲ್ಲರೂ ಮೊದಲು ಕೇಳುವುದು ಇದನ್ನೇ, ಉತ್ತರ ಮಾತ್ರ ಬೇರೆ. ಪರೀಕ್ಷೆ ಮಾಡಿದವರಿಗೆ ಕಂಡದ್ದು ತೇವ ಆರಿಹೋದ ಇರುವೆಗಳು. ಇಂಥ ಪೆಟ್ಟಿಗೆಗಳನ್ನು ಹಾರುವ ಎಷ್ಟೋ ದಿನ ಮೊದಲೇ ಮುಚ್ಚಿ ಒಪ್ಪಿಸಬೇಕಾಗಿತ್ತು. ಮುಚ್ಚಿದ ಮೇಲೆ ನೀರು ಚಿಮುಕಿಸುವವರು ಯಾರು? ಹಾರಾಟ, ವೇಗ, ತೂಕವಿಲ್ಲದ ಸ್ಥಿತಿ ಯಾವುದೂ ಅವನ್ನು ಕೊಲ್ಲಲಿಲ್ಲ. ಒಣಗಾಳಿ ಕೊಂದಿತು.

ಆ ಮಕ್ಕಳ ಸಂಕಟ ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ಓದಿದವಳು ನಾನು. ಅಲ್ಲಿ ಹಣ್ಣುನೊಣ ಸಾಕಿದವರಿಗೆ ಈ ಸಂಗತಿ ಕೂಡಲೇ ಅರ್ಥವಾಗುತ್ತದೆ. ನೊಣದ ಆಹಾರ ಬೇಯಿಸುವುದೇ ಒಂದು ಬೆಳಗಿನ ಕೆಲಸ. ಒಂದು ಲೀಟರ್ ನೀರು, 100 ಗ್ರಾಂ ಬೆಲ್ಲ, 100 ಗ್ರಾಂ ರವೆ, 10 ಗ್ರಾಂ ಅಗರ್. ಗಂಟಾಗದ ಹಾಗೆ ಕೈಬಿಡದೆ ತಿರುವುತ್ತಿದ್ದರೆ ವಿಭಾಗದ ಓಣಿಯೆಲ್ಲ ಮದುವೆ ಮನೆಯ ಕೇಸರಿಬಾತಿನ ವಾಸನೆ. ಇಳಿಸಿದ ಮೇಲೆ ಬೂಸ್ಟು ಹಿಡಿಯದಿರಲೆಂದು ಏಳೂವರೆ ಎಂ.ಎಲ್. ಪ್ರೊಪಿಯಾನಿಕ್ ಆಮ್ಲ. ಬಿಸಿಯಿರುವಾಗಲೇ ಬಾಟಲಿಗಳಿಗೆ ಸುರಿದು, ಗಾಜಿನ ಒಳಮೈಯ ಬೆವರು ಆರುವವರೆಗೆ ಬಿಟ್ಟು, ಹತ್ತಿಯ ಬಿರಡೆ. ಬೆವರು ಉಳಿದರೆ ನೊಣದ ರೆಕ್ಕೆ ಗಾಜಿಗೆ ಅಂಟಿ ಸಾಯುತ್ತದೆ, ಆಹಾರ ಒಣಗಿ ಬಿರುಕು ಬಿಟ್ಟರೆ ಮರಿಹುಳ ಸಾಯುತ್ತದೆ. ಸಂಶೋಧನೆಯ ಪ್ರಬಂಧದಲ್ಲಿ ಇದಕ್ಕೆ ಸಿಗುವ ಜಾಗ ಒಂದು ಸಾಲು. ಹೆಚ್ಚು ಪ್ರಯೋಗಗಳು ಕೆಡುವುದು ಮಾತ್ರ ಇಲ್ಲೇ.

ಈ ಹಣ್ಣುನೊಣವೇ ಅಂತರಿಕ್ಷ ಕಂಡ ಮೊದಲ ಪ್ರಾಣಿ ಎಂದು ಕಾಕಾಗೆ ಹೇಳಿದರೆ ಅವರು ನಂಬುವುದಿಲ್ಲ. ಲೈಕಾ ಅಲ್ಲವೇ? ಲೈಕಾ 1957. ನೊಣಗಳು ಹೋದದ್ದು 1947ರ ಫೆಬ್ರುವರಿ 20ರಂದು, ಜರ್ಮನರಿಂದ ವಶಪಡಿಸಿಕೊಂಡ ವಿ-2 ರಾಕೆಟ್ಟಿನಲ್ಲಿ, ನ್ಯೂಮೆಕ್ಸಿಕೋದಿಂದ 109 ಕಿಲೋಮೀಟರ್ ಎತ್ತರಕ್ಕೆ. ಕ್ಷಣಮಾತ್ರದ ಹಾರಾಟ. ಪ್ಯಾರಾಚೂಟಿನಲ್ಲಿ ಇಳಿದ ಡಬ್ಬಿ ತೆಗೆದಾಗ ನೊಣಗಳು ಬದುಕಿದ್ದವು. ಕೆಲವೇ ನಿಮಿಷದ ಪಯಣಕ್ಕೆ ಯಾವ ಪ್ರಾಣಿಯಾದರೂ ತಡೆದೀತು. ದಿನಗಟ್ಟಲೆ ಆದಾಗಲೇ ಕಷ್ಟ. 1973ರಲ್ಲಿ ಸ್ಕೈಲ್ಯಾಬ್ ಅಂತರಿಕ್ಷ ನಿಲ್ದಾಣಕ್ಕೆ ಎರಡು ಜೇಡಗಳು ಹೋದವು, ಅರಬೆಲಾ ಮತ್ತು ಅನಿತಾ. ಜುಡಿತ್ ಮೈಲ್ಸ್ ಎಂಬ ಶಾಲಾ ಹುಡುಗಿ ಸೂಚಿಸಿದ ಪ್ರಯೋಗ. ಅರಬೆಲಾ ಮೊದಲು ಅಡ್ಡಾದಿಡ್ಡಿ ನೂಲೆಳೆದಳು, ಕೆಲವು ದಿನದಲ್ಲಿ ತೂಕವಿಲ್ಲದಿದ್ದರೂ ಒಪ್ಪವಾದ ಬಲೆ ನೇಯ್ದಳು. ಗಗನಯಾತ್ರಿಗಳು ತಮ್ಮ ಊಟದಲ್ಲಿದ್ದ ಮಾಂಸದ ಚೂರು, ನೀರು ಕೊಟ್ಟು ಸಾಕಿದರು. ಆದರೂ ಎರಡೂ ಬದುಕಿ ಬರಲಿಲ್ಲ. ಅವುಗಳ ಮೈಯಲ್ಲೂ ನೀರು ಬತ್ತಿದ ಗುರುತೇ ಇತ್ತು.

ಗಂಟೆ ಹನ್ನೊಂದೂಮುಕ್ಕಾಲು. ಬಟ್ಟಲಿನ ಪಾಚಿಯನ್ನು ಚಿಮಟದಲ್ಲಿ ಎತ್ತಿ ಮೆಲ್ಲಗೆ ಹಿಂಡುತ್ತೇನೆ. ಮಣ್ಣುಬಣ್ಣದ ನೀರು ತೊಟ್ಟಿಕ್ಕುತ್ತದೆ. ಅದನ್ನು ಚಿಕ್ಕ ತಟ್ಟೆಯಲ್ಲಿ ಹಿಡಿದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ಅಡಿಯಿಂದ ದೀಪ. ಬನ್ನಿ, ಕಣ್ಣಿಡಿ. ಮೊದಲು ಕಾಣುವುದು ಬರೀ ಕಸ: ಮರಳಿನ ಹರಳು, ಎಲೆಯ ಚೂರು, ಯಾವುದೋ ಹುಳದ ಮುರಿದ ಕಾಲು. ದಾರದೆಳೆಯ ಹಾಗೆ ಹೊರಳಾಡುವುದು ದುಂಡುಹುಳ, ಅದು ಬೇಡ. ತಟ್ಟೆ ಸರಿಸಿ. ಇನ್ನೂ ಸ್ವಲ್ಪ. ಅಲ್ಲಿ, ಎಲೆಯ ಅಂಚಿನಲ್ಲಿ.

ಗುಂಡುಗುಂಡಾದ ಮೈ, ಗಾಜಿನಷ್ಟು ಪಾರದರ್ಶಕ. ಎರಡು ಸಾಲಿನಲ್ಲಿ ಎಂಟು ಮೋಟುಕಾಲು, ಕಾಲಿನ ತುದಿಗೆ ಉಗುರು. ಹೊಟ್ಟೆಯೊಳಗೆ ಹಸಿರು, ಪಾಚಿಯ ರಸ ಹೀರಿದ್ದು. ಮುಂದಿನ ಕಾಲನ್ನು ನೀರಿನಲ್ಲಿ ಬೀಸುತ್ತ ಹಿಡಿಯಲು ಏನಾದರೂ ಸಿಗುತ್ತದೆಯೇ ಎಂದು ತಡಕುತ್ತಿದೆ. ಇದೇ ಟಾರ್ಡಿಗ್ರೇಡ್, ನೀರುಕರಡಿ. ಐದು ಗಂಟೆಯ ಹಿಂದೆ ಇದು ಕಾಲು ಒಳಗೆಳೆದುಕೊಂಡು, ಮೈಯ ನೀರನ್ನೆಲ್ಲ ಬಿಟ್ಟುಕೊಟ್ಟು, ಧೂಳಿನ ಕಣವಾಗಿ ಬಿದ್ದಿತ್ತು. ಹಾಗೆ ಮುದುಡಿದಾಗ ಅದರೊಳಗಿನ ನೀರಿನಲ್ಲಿ ಶೇ. 95ಕ್ಕೂ ಹೆಚ್ಚು ಹೊರಟುಹೋಗಿರುತ್ತದೆ. ಉಸಿರಾಟ, ಜೀರ್ಣ ಎಲ್ಲ ನಿಂತಂತೆಯೇ. ನೀರು ಸಿಕ್ಕರೆ ಎದ್ದು ನಡೆಯುತ್ತದೆ.

“ಅಜ್ಜ, ಇಟ್ಸ್ ವಾಕಿಂಗ್!” ಎಂದು ಹುಡುಗಿ ಕುರ್ಚಿಯಿಂದ ಹಾರುತ್ತಾಳೆ. ಅಜ್ಜ ಕನ್ನಡಕ ತೆಗೆದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ, ಬಹಳ ಹೊತ್ತು ನೋಡುತ್ತಾರೆ. “ಅಯ್ಯ ಶಿವನ, ಎಷ್ಟ್ ನಿಧಾನ ಹೊಂಟೈತಿ ನೋಡವಾ.”

ಈಗ ಹನ್ನೆರಡು ಸಾವಿರ ಕಿಲೋಮೀಟರಿಗೂ ಆಚೆ, ಬೆಂಗಳೂರಿಗೆ ಮನಸ್ಸನ್ನು ಒಯ್ಯಿರಿ. ಮಲ್ಲೇಶ್ವರದ ಪಕ್ಕ, ವಿಜ್ಞಾನ ಸಂಸ್ಥೆಯ ಮರಗಳ ನಡುವೆ ಒಂದು ಕಾಂಕ್ರೀಟ್ ಗೋಡೆ. ಅದರ ಮೇಲಿನ ಪಾಚಿಯಲ್ಲಿ, ಜೀವರಸಾಯನ ವಿಭಾಗದ ಸಂದೀಪ್ ಈಶ್ವರಪ್ಪ ಅವರ ತಂಡಕ್ಕೆ ಕೆಂಗಂದು ಬಣ್ಣದ ಒಂದು ನೀರುಕರಡಿ ಸಿಕ್ಕಿತು. ಪ್ಯಾರಾಮ್ಯಾಕ್ರೋಬಯೋಟಸ್ ಕುಲದ್ದು. ಬೆಂಗಳೂರಿನದು ಎಂಬ ಗುರುತಿಗೆ ಅದಕ್ಕೆ ಬಿಎಲ್‌ಆರ್ ಎಂದೇ ಸೇರಿಸಿದರು. ಕ್ರಿಮಿ ಕೊಲ್ಲಲು ಬಳಸುವ ನೇರಳಾತೀತ ದೀಪದ ಕೆಳಗೆ ಬೇರೆ ಜಾತಿಯ ನೀರುಕರಡಿಗಳು ಸತ್ತರೂ ಇದು ಸಾಯಲಿಲ್ಲ. ನೋಡಿದರೆ, ಅದರ ಚರ್ಮದಡಿಯ ಬಣ್ಣದ ವಸ್ತು ಆ ಕಿರಣವನ್ನು ಹೀರಿ ನಿರಪಾಯದ ನೀಲಿ ಬೆಳಕಾಗಿ ಹೊರಗೆ ಬಿಡುತ್ತಿತ್ತು. ಆ ಬಣ್ಣವನ್ನು ತೆಗೆದು ದುರ್ಬಲ ಜಾತಿಯ ನೀರುಕರಡಿಗೆ ಹೊದಿಸಿದಾಗ ಅದಕ್ಕೂ ಒಂದಷ್ಟು ತಡೆ ಬಂತು. 2020ರಲ್ಲಿ ಈ ಕೆಲಸ ಪ್ರಕಟವಾಯಿತು. ಬಿಸಿಲೂರಿನ ಗೋಡೆಯ ಮೇಲೆ ಬಾಳುವ ಪ್ರಾಣಿಗೆ ಇಂಥ ರಕ್ಷೆ ಇರುವುದು ಸಹಜವೇ, ಆದರೆ ಅದನ್ನು ಹುಡುಕಿ ತೆಗೆಯಲು ದಿನವೂ ದಾಟಿ ಹೋಗುವ ಗೋಡೆಯ ಮುಂದೆ ನಿಲ್ಲುವ ಮನಸ್ಸು ಬೇಕಲ್ಲ.

ಇಸ್ರೋ ಈ ಯಾನಕ್ಕೆ ಆರಿಸಿದ ಏಳು ಪ್ರಯೋಗಗಳಲ್ಲಿ ಈ ಬಿಎಲ್‌ಆರ್ ನೀರುಕರಡಿಯದೂ ಒಂದು. ಕೇಳುವ ಪ್ರಶ್ನೆಗಳು ಸರಳ: ಒಣಗಿ ಮಲಗಿದ್ದು ಅಲ್ಲಿ ಏಳುತ್ತದೆಯೇ? ಎದ್ದರೆ ಎಷ್ಟು ದಿನ ಬದುಕುತ್ತದೆ? ಮೊಟ್ಟೆ ಎಷ್ಟು ಇಡುತ್ತದೆ, ಎಷ್ಟು ಒಡೆಯುತ್ತವೆ? ಮರಳಿ ಬಂದ ಮೇಲೆ, ಅದರ ಜೀನುಗಳಲ್ಲಿ ಯಾವುದು ಹೆಚ್ಚು ದುಡಿದಿದೆ, ಯಾವುದು ಸುಮ್ಮನಿದೆ? ಇದನ್ನೆಲ್ಲ ಹೋಲಿಸಿ ನೋಡಲು ನೆಲದ ಮೇಲೊಂದು ಜೋಡಿ ತಂಡ ಇರುತ್ತದೆ.

ನೀರುಕರಡಿ ಅಂತರಿಕ್ಷಕ್ಕೆ ಹೊಸದೇನಲ್ಲ. 2007ರ ಸೆಪ್ಟೆಂಬರಿನಲ್ಲಿ ಫೋಟಾನ್-ಎಂ3 ಉಪಗ್ರಹದಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಒಣಗಿದ ನೀರುಕರಡಿಗಳನ್ನು ಹತ್ತು ದಿನ ಬರಿಯ ನಿರ್ವಾತಕ್ಕೆ ಒಡ್ಡಿ ತಂದಿದ್ದರು. ನಿರ್ವಾತ, ಚಳಿ ತಡೆದುಕೊಂಡು ಎದ್ದವು. ಸೂರ್ಯನ ನೇರಳಾತೀತ ಕಿರಣ ಪೂರ್ತಿ ಬಿದ್ದವುಗಳಲ್ಲಿ ಉಳಿದದ್ದು ಬಹಳ ಕಡಿಮೆ.

ಇದರ ದೊಡ್ಡ ಗುಣ ನನ್ನ ಕಣ್ಣಿಗೆ ಕಾಣುವುದು ಬೇರೆ ಕಡೆ. ಈ ಉಡಾವಣೆ ಮೊದಲು ಮೇ 29ಕ್ಕೆ ಎಂದಿತ್ತು. ಜೂನ್ 8 ಆಯಿತು, 10 ಆಯಿತು, 11 ಆಯಿತು. ಗಾಳಿ ಜೋರು, ಆಮೇಲೆ ರಾಕೆಟ್ಟಿನಲ್ಲಿ ದ್ರವ ಆಮ್ಲಜನಕ ಸೋರಿಕೆ, ಆಮೇಲೆ ನೌಕೆ ಹೋಗಿ ಸೇರಬೇಕಾದ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದ ರಷ್ಯನ್ ಭಾಗದಲ್ಲಿ ಗಾಳಿ ಸೋರುವ ಚಿಂತೆ. 19, 22, ಕೊನೆಗೆ 25. ಹೀಗೆ ಕಾಯಬೇಕಾದ ಹೊತ್ತಿನಲ್ಲೇ ಕ್ಯಾಮ್ಡೆನ್ ಇರುವೆಗಳ ತೇವ ಆರಿದ್ದು. ನೀರುಕರಡಿಗಾದರೆ ಕಾಯುವುದೇ ಬದುಕಿನ ಕ್ರಮ. ಬೇಕೆಂದಾಗ ನೀರು ಕೊಟ್ಟು ಎಬ್ಬಿಸಬಹುದಾದ ಪ್ರಾಣಿ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

ಕಾಕಾಗೆ ಇಷ್ಟೆಲ್ಲ ಹೇಳಿದ ಮೇಲೂ ಮನಸ್ಸು ಬೇರೆ ಕಡೆಯೇ ಇದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಐಐಟಿ ಕೂಡಿ ಕಳಿಸಿದ ಮೆಂತ್ಯ, ಹೆಸರುಕಾಳು ಅದೇ ನೌಕೆಯಲ್ಲಿವೆ, ಮೇಲೆ ಮೊಳಕೆ ಬರಿಸಲಿಕ್ಕೆ. “ನಮ್ಮ ಮೆಂತೆ ಹೊಂಟೈತಿ ತಂಗೀ, ಕರಡಿ ನಿಮ್ಮದಿರಲಿ,” ಎಂದು ನಗುತ್ತಾರೆ. ಧಾರವಾಡದಲ್ಲಿ ಈಗ ಬೆಳಗ್ಗೆ ಹನ್ನೊಂದು ಗಂಟೆ, ಅಲ್ಲಿಂದ ಒಂದರ ಮೇಲೊಂದು ಫೋನು.

ಎರಡು ಗಂಟೆ. ಟಿ.ವಿ.ಯಲ್ಲಿ ಬಿಳಿ ರಾಕೆಟ್ಟು, ಅದರ ಮೈಯಿಂದ ಇಳಿಯುವ ಆಮ್ಲಜನಕದ ಹೊಗೆ. ನೌಕೆಯೊಳಗೆ ಪೆಗ್ಗಿ ವಿಟ್ಸನ್, ಶುಕ್ಲಾ, ಪೋಲೆಂಡಿನ ಸ್ಲಾವೋಶ್ ಉಜ್ನಾನ್‌ಸ್ಕಿ, ಹಂಗೆರಿಯ ಟಿಬೋರ್ ಕಾಪು. ಮಾತು ತಾನಾಗಿ ಕಡಿಮೆಯಾಗುತ್ತದೆ. ಕಾಕಾ ಒಮ್ಮೆಲೇ, “ಕಲ್ಪನಾ ಚಾವ್ಲಾನೂ ಇಲ್ಲಿಂದನ ಹೋಗಿದ್ದಳೇನು?” ಅನ್ನುತ್ತಾರೆ.

ಹೌದು. 2003ರ ಜನವರಿ 16ರಂದು ಅವಳಿದ್ದ ಕೊಲಂಬಿಯಾ ನೌಕೆ ಇದೇ 39ಎ ಕಟ್ಟೆಯಿಂದ ಎದ್ದಿತ್ತು. ಕ್ಯಾಮ್ಡೆನ್ ಇರುವೆಗಳು ಎದ್ದದ್ದೂ ಇಲ್ಲಿಂದಲೇ. ಕೊಲಂಬಿಯಾದಲ್ಲೂ ಪುಟ್ಟ ಪ್ರಾಣಿಗಳಿದ್ದವು: ಆಸ್ಟ್ರೇಲಿಯದ ಮಕ್ಕಳ ಜೇಡ, ಚೀನದ ಮಕ್ಕಳ ರೇಷ್ಮೆಹುಳ, ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಮಕ್ಕಳ ಇರುವೆ. ಫೆಬ್ರುವರಿ 1ರಂದು ನೌಕೆ ಮರಳುವ ದಾರಿಯಲ್ಲಿ ಒಡೆದು ಏಳೂ ಜನ ಹೋದರು. ಟೆಕ್ಸಾಸಿನಲ್ಲಿ ಚದುರಿ ಬಿದ್ದ ಅವಶೇಷಗಳ ನಡುವೆ ಕೆಲವು ಡಬ್ಬಿಗಳು ಸಿಕ್ಕವು. ವಾರಗಳಾದ ಮೇಲೆ ಬಿಚ್ಚಿ ನೋಡಿದರೆ ಒಳಗೆ ಒಂದು ಮಿಲಿಮೀಟರ್ ಉದ್ದದ ದುಂಡುಹುಳಗಳು ಜೀವಂತ. ಹೋದವುಗಳ ಮಕ್ಕಳು ಮೊಮ್ಮಕ್ಕಳು. ಈ ಸುದ್ದಿಯನ್ನು ಓದಿದಾಗ ಏನು ಅನ್ನಿಸಿತೆಂದು ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಆ ಹುಳಗಳು ಬದುಕಿದ್ದಕ್ಕೆ ಸಂತೋಷಪಡಲೂ ಆಗಲಿಲ್ಲ, ಪಡದೆ ಇರಲೂ ಆಗಲಿಲ್ಲ.

ಹುಡುಗಿ ಅಜ್ಜನ ಕೈ ಹಿಡಿದುಕೊಂಡಿದ್ದಾಳೆ. ಎಣಿಕೆ ಇಳಿಯುತ್ತದೆ. 2:31. ಅಡಿಯಲ್ಲಿ ಬೆಂಕಿ, ರಾತ್ರಿ ಒಂದು ಕ್ಷಣ ಹಗಲಾಗುತ್ತದೆ, ಕಟ್ಟೆ ಬಿಟ್ಟು ಮೇಲೇಳುತ್ತದೆ. ಎರಡೂವರೆ ನಿಮಿಷಕ್ಕೆಲ್ಲ ಮೊದಲ ಹಂತ ಕಳಚಿ ಹಿಂದಿರುಗುತ್ತದೆ. ಹತ್ತು ನಿಮಿಷ ಆಗುವಷ್ಟರಲ್ಲಿ ನೌಕೆ ಕಕ್ಷೆಯಲ್ಲಿದೆ. ನೌಕೆಯೊಳಗಿನ ಕ್ಯಾಮೆರಾದಲ್ಲಿ ನೋಡಿ, ಬಿಳಿ ಹಂಸದ ಮರಿಯ ಬೊಂಬೆಯೊಂದು ದಾರ ಹಿಡಿದು ತೇಲುತ್ತಿದೆ. ಅದರ ಹೆಸರು ಜಾಯ್. ತೂಕ ಹೋಯಿತು ಎನ್ನುವುದಕ್ಕೆ ಅದೇ ಸಾಕ್ಷಿ.

“ಗ್ರ್ಯಾವಿಟಿ ಮುಗೀತಾ?”

ಮುಗಿಯಲಿಲ್ಲ. ನಿಲ್ದಾಣ ಇರುವ 400 ಕಿಲೋಮೀಟರ್ ಎತ್ತರದಲ್ಲೂ ಭೂಮಿಯ ಸೆಳೆತ ನೆಲದಲ್ಲಿರುವುದರ ಶೇ. 90ರಷ್ಟು ಇದ್ದೇ ಇದೆ. ನೌಕೆ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಓಡುತ್ತ, ಬೀಳುತ್ತಲೇ ಇರುತ್ತದೆ, ಭೂಮಿಯೂ ಬಾಗುತ್ತ ಹೋಗುವುದರಿಂದ ನೆಲ ಮುಟ್ಟುವುದಿಲ್ಲ. ಒಳಗಿರುವವರೆಲ್ಲ ಅದರ ಜೊತೆಗೇ ಬೀಳುತ್ತಿರುವುದರಿಂದ ಒತ್ತಿ ನಿಲ್ಲಲು ನೆಲವೇ ಇಲ್ಲ.

ಇಲ್ಲಿ ಒಂದು ಸ್ವಾರಸ್ಯವಿದೆ. ನಮ್ಮ ತಟ್ಟೆಯ ನೀರುಕರಡಿಗೆ ತೂಕ ಅಂತ ಇರುವುದೇ ಇಷ್ಟು. ಅದನ್ನು ಹಿಡಿದಿಟ್ಟಿರುವುದು ಭೂಮಿಗಿಂತ ಹೆಚ್ಚಾಗಿ ನೀರಿನ ಪೊರೆ. ಹಾಗಿದ್ದ ಮೇಲೆ ತೂಕ ಹೋದರೆ ಅದಕ್ಕೇನು ನಷ್ಟ? ನಷ್ಟ ಸುತ್ತಲಿನ ಗಾಳಿಯಲ್ಲಿದೆ, ನೀರಿನಲ್ಲಿದೆ. ನೆಲದ ಮೇಲೆ ಬಿಸಿಗಾಳಿ ಮೇಲೇರುತ್ತದೆ, ತಂಪು ಕೆಳಗಿಳಿಯುತ್ತದೆ, ನಾವು ಬಿಟ್ಟ ಉಸಿರು ನಮ್ಮ ಮುಂದೆ ನಿಲ್ಲುವುದಿಲ್ಲ. ತೂಕವಿಲ್ಲದ ಕಡೆ ಮೇಲೂ ಇಲ್ಲ ಕೆಳಗೂ ಇಲ್ಲ, ಪಂಖ ಆಡಿಸದಿದ್ದರೆ ಬಿಟ್ಟ ಉಸಿರು ಅಲ್ಲೇ ಕೂತಿರುತ್ತದೆ. ಮುಚ್ಚಿದ ಪುಟ್ಟ ಪೆಟ್ಟಿಗೆಯಲ್ಲಿ ಪ್ರಾಣಿಗೆ ಉಸಿರು ಕಟ್ಟಬಹುದು, ಹಾಕಿದ ನೀರು ಒಂದೇ ಮೂಲೆಯಲ್ಲಿ ಗುಳ್ಳೆಯಾಗಿ ನಿಂತು ಇನ್ನೊಂದು ಮೂಲೆ ಒಣಗಬಹುದು. ಪ್ರಾಣಿ ಸತ್ತರೆ ಅದು ತೂಕವಿಲ್ಲದ್ದರ ಫಲವೇ, ನಮ್ಮ ಪೆಟ್ಟಿಗೆಯ ಫಲವೇ ಎಂದು ಬಿಡಿಸಿ ಹೇಳುವುದು ಹೇಗೆ? ಅದಕ್ಕೇ ಬೆಂಗಳೂರಿನಲ್ಲೋ ಧಾರವಾಡದಲ್ಲೋ ಪೆಟ್ಟಿಗೆ ಕಟ್ಟುವವರ ಕೆಲಸಕ್ಕೆ ನಾನು ರಾಕೆಟ್ ಕಟ್ಟುವವರ ಕೆಲಸದಷ್ಟೇ ಬೆಲೆ ಕೊಡುತ್ತೇನೆ.

ತೂಕದ್ದೇ ಪರಿಣಾಮ ಎಂದು ಬಿಡಿಸಿ ತೋರಿಸಿದ ಪ್ರಾಣಿಗಳೂ ಇವೆ. 1991ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪುಟಾಣಿ ಅಂಬಲಿ ಮೀನುಗಳನ್ನು ಕೊಲಂಬಿಯಾದಲ್ಲಿ ಒಯ್ದರು. ಅವುಗಳ ಮೈಯಂಚಿನಲ್ಲಿ, ನಮ್ಮ ಒಳಗಿವಿಯಲ್ಲಿರುವಂತೆ, ಮೇಲು ಕೆಳಗು ತಿಳಿಸುವ ಪುಟ್ಟ ಹರಳುಗಳಿರುತ್ತವೆ. ಅಲ್ಲೇ ಬೆಳೆದ ಮರಿಗಳು ಭೂಮಿಗೆ ಬಂದ ಮೇಲೆ ಸರಿಯಾಗಿ ಈಜಲಾರದೆ ತಡವರಿಸಿದವು. ಅಂತರಿಕ್ಷದಲ್ಲೇ ಹುಟ್ಟಿದ ಮನುಷ್ಯ ಶಿಶುವಿನ ಬಗ್ಗೆ ಯಾರಾದರೂ ಸಲೀಸಾಗಿ ಮಾತಾಡಿದಾಗ ನನಗೆ ಆ ಮರಿಗಳು ನೆನಪಾಗುತ್ತವೆ.

ಮೂರು ಗಂಟೆಗೆ ಹುಡುಗಿ ಸೋಫಾದಲ್ಲೇ ನಿದ್ದೆ. ಮರುದಿನ, ಗುರುವಾರ ಬೆಳಗ್ಗೆ 6:31ಕ್ಕೆ ಗ್ರೇಸ್ ಎಂಬ ಆ ನೌಕೆ ನಿಲ್ದಾಣಕ್ಕೆ ಸೇರಿಕೊಳ್ಳುತ್ತದೆ. ಮುಂದಿನ ದಿನಗಳಲ್ಲಿ ಶುಕ್ಲಾ ಅಲ್ಲಿ ನಮ್ಮ ಊರುಗಳ ಕೆಲಸ ಮಾಡುತ್ತಾರೆ. ಧಾರವಾಡದ ಕಾಳಿಗೆ ನೀರು ಕೊಡುತ್ತಾರೆ, ಮೊಳಕೆಯ ಚಿತ್ರ ತೆಗೆದು ಶೀತಪೆಟ್ಟಿಗೆಗೆ ಸೇರಿಸುತ್ತಾರೆ. ನೀರುಕರಡಿಗಳ ಪ್ರಯೋಗವೂ ನಡೆದು ಪೂರ್ತಿಯಾಗಿದೆ ಎಂದು ಇಸ್ರೋ ತಿಳಿಸುತ್ತದೆ. ಮೆಂತ್ಯ ಮೊಳೆತ ಚಿತ್ರ ಪತ್ರಿಕೆಗಳಲ್ಲಿ ಬಂದ ದಿನ ಕಾಕಾ ನಮ್ಮ ಬಾಗಿಲು ಬಡಿದು, ಫೋನು ಮುಂದೆ ಹಿಡಿದು, ಒಂದು ಮಾತೂ ಆಡದೆ ನಿಲ್ಲುತ್ತಾರೆ.

ಜುಲೈ 14ರಂದು ನೌಕೆ ನಿಲ್ದಾಣ ಬಿಡುತ್ತದೆ. 15ರ ಬೆಳಗ್ಗೆ, ನಮ್ಮಲ್ಲಿ ಐದೂವರೆ, ನಾಲ್ಕು ಪ್ಯಾರಾಚೂಟು ಬಿಚ್ಚಿಕೊಂಡು ಸ್ಯಾನ್ ಡಿಯೇಗೋ ಬಳಿ ಕಡಲಿಗಿಳಿಯುತ್ತದೆ. ಶುಕ್ಲಾ ನಗುತ್ತ, ಬೇರೆಯವರ ಆಸರೆಯಲ್ಲಿ ಹೊರಬರುತ್ತಾರೆ. ಇಪ್ಪತ್ತು ದಿನ ಹೊರದ ತೂಕವನ್ನು ಕಾಲು ಮತ್ತೆ ಹೊರಲು ಕಲಿಯಬೇಕು. ತಿಂಗಳುಗಟ್ಟಲೆ ಇದ್ದವರಲ್ಲಿ ಸೊಂಟ, ತೊಡೆಯ ಮೂಳೆ ತಿಂಗಳಿಗೆ ಶೇ. 1ಕ್ಕೂ ಹೆಚ್ಚು ಸವೆಯುತ್ತದೆ. ಹಾಗೆ ಮೂಳೆಯಿಂದ ಬಿಟ್ಟ ಸುಣ್ಣ ರಕ್ತಕ್ಕಿಳಿದು, ಮೂತ್ರಪಿಂಡದಲ್ಲಿ ಕಲ್ಲಾಗುವ ಭಯ ಬೇರೆ.

ಈ ಕಲ್ಲಿನ ಜಾಡು ಹಿಡಿದೇ ಧಾರವಾಡ ಮತ್ತೆ ಬರುತ್ತದೆ, ಈ ಸಲ ಹಣ್ಣುನೊಣದ ಜೊತೆ. ನಮ್ಮದೇ ಗಗನಯಾನಕ್ಕೆಂದು ಕೃಷಿ ವಿಶ್ವವಿದ್ಯಾಲಯದವರು ತಿರುವನಂತಪುರದ ಅಂತರಿಕ್ಷ ವಿಜ್ಞಾನ ಸಂಸ್ಥೆಯ ಜೊತೆ ಸೇರಿ ನೊಣಗಳ ಪೆಟ್ಟಿಗೆ ಸಿದ್ಧಪಡಿಸಿದ್ದಾರೆ. ನೊಣಕ್ಕೆ ಮೂತ್ರಪಿಂಡವಿಲ್ಲ, ಅದರ ಬದಲು ಕೂದಲೆಳೆಯಂಥ ನಾಲ್ಕು ನಳಿಕೆಗಳಿವೆ. ಆಹಾರದಲ್ಲಿ ಆಕ್ಸಲೇಟ್ ಬೆರೆಸಿ ಕೊಟ್ಟರೆ ಆ ನಳಿಕೆಯಲ್ಲಿ ನಮ್ಮಲ್ಲಾಗುವಂಥದೇ ಹರಳು ಕಟ್ಟುತ್ತದೆ, ಸೂಕ್ಷ್ಮದರ್ಶಕದಲ್ಲಿ ಎಣಿಸಬಹುದು. ಮೊಟ್ಟೆಯಿಂದ ನೊಣವಾಗಲು ಹತ್ತೇ ದಿನ. ಮನುಷ್ಯನಲ್ಲಿ ಕಾಯಿಲೆಗೆ ಕಾರಣವಾಗುವ ಜೀನುಗಳಲ್ಲಿ ಮುಕ್ಕಾಲು ಪಾಲಿಗೆ ಸಾಟಿಯಾದವು ನೊಣದಲ್ಲಿವೆ. ಆಹಾರ ಯಾವುದು ಅಂತೀರಾ? ಅದೇ ರವೆ, ಅದೇ ಬೆಲ್ಲ. ತೇಲಿ ಹೋಗದಷ್ಟು ಗಟ್ಟಿ, ಒಣಗಿ ಬಿರಿಯದಷ್ಟು ಮೆತ್ತಗೆ ಇರಬೇಕು. ಇದನ್ನು ಕಾಕಾಗೆ ಹೇಳಿದಾಗ ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಹುಡುಗಿ ಮಾತ್ರ ಇರುವೆಗಳನ್ನು ಬಿಟ್ಟಿಲ್ಲ. “ಆಂಟಿ, ಆ್ಯಂಟ್ಸ್ ಮತ್ತೆ ಹೋಗಲೇ ಇಲ್ವಾ?”

ಕೊಲಂಬಿಯಾದಲ್ಲಿ ಹೋದವು ಮರಳಲಿಲ್ಲ. ಆಮೇಲೂ ಹೋದವು, ಕ್ಯಾಮ್ಡೆನ್ ಇರುವೆಗಳಾಗಿ ಮೂವತ್ತು ವರ್ಷದ ಮೇಲೆ. 2014ರ ಜನವರಿಯಲ್ಲಿ ಸಿಗ್ನಸ್ ನೌಕೆಯಲ್ಲಿ, ಸ್ಟ್ಯಾನ್‌ಫರ್ಡ್‌ನ ಡೆಬೋರಾ ಗಾರ್ಡನ್ ಅವರ ಪ್ರಯೋಗ. ಕಾಲುದಾರಿಯ ಕಲ್ಲಿನ ಸಂದಿಯಲ್ಲಿ ಗೂಡು ಮಾಡುವ ಸಣ್ಣ ಇರುವೆ. ಜಾಗ ದೊಡ್ಡದಾದಾಗ ಅವು ಹೇಗೆ ಹರಡಿ ಹುಡುಕುತ್ತವೆ ಎಂದು ನೋಡಿದರು. ನೆಲದ ಮೇಲಿನಷ್ಟು ಚೆನ್ನಾಗಿ ಹುಡುಕಲಾಗಲಿಲ್ಲ. ಕಾಲು ತಪ್ಪಿ ಮೇಲೆದ್ದು ಪಲ್ಟಿ ಹೊಡೆಯುತ್ತಿದ್ದವು, ಕೆಲವು ಸೆಕೆಂಡಿನಲ್ಲಿ ಮತ್ತೆ ಯಾವುದೋ ಮೈಗೆ ಕಾಲು ಊರಿ ಹಿಡಿದುಕೊಳ್ಳುತ್ತಿದ್ದವು. ಆಮೇಲೆ ಮೈಯನ್ನು ತಗ್ಗಿಸಿ, ಮೆಲ್ಲಗೆ ನಡೆಯುತ್ತಿದ್ದವು. ಬೇರೆ ಬೇರೆ ಊರಿನ ಶಾಲೆಗಳಲ್ಲಿ ಮಕ್ಕಳು ನೆಲದ ಮೇಲೆ ಅದೇ ಪ್ರಯೋಗ ಮಾಡಿ ಹೋಲಿಸಿದರು. ಕ್ಯಾಮ್ಡೆನ್ ಮಕ್ಕಳು ಕೇಳಿದ ಪ್ರಶ್ನೆಯ ಒಂದು ತುಂಡಿಗಾದರೂ ಉತ್ತರ ಸಿಕ್ಕಿತ್ತು, ಅಷ್ಟರಲ್ಲಿ ಅವರು ನಡುವಯಸ್ಸಿಗೆ ಬಂದಿದ್ದರು.

ಹುಡುಗಿ ಕೇಳಿಸಿಕೊಂಡು, ನೋಟುಬುಕ್ಕಿನಲ್ಲಿ ಏನೋ ಬರೆದು, ತಲೆಯೆತ್ತುತ್ತಾಳೆ.

“ಅವಕ್ಕೆ ನೀರು ಹೇಗೆ ಕೊಟ್ಟರು?”